ಕರಾವಳಿಯ ಹಳೆಯ ಕಾರಿನ ತಳಕ್ಕೆ ಹಿಡಿದ ತುಕ್ಕನ್ನು ಬಿಡಿಸುವ ಮತ್ತು ತಡೆಯುವ ಕ್ರಮ

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಮಳೆ ನಿಂತ ಮೇಲೂ ಉಪ್ಪುಗಾಳಿ ಬೀಸುವ ನಮ್ಮ ಕರಾವಳಿಯಲ್ಲಿ ಕಾರಿನ ತಳಭಾಗ ಪೂರ್ತಿ ಒಣಗುವ ದಿನಗಳು ಕಡಿಮೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ಇರುವ ಮರವಂತೆಯ ಹೆದ್ದಾರಿಯಲ್ಲಿ ಮಳೆಗಾಲದಲ್ಲೊಮ್ಮೆ ಹೋಗಿ ಬಂದರೂ ಸಾಕು, ತಳದ ಸಂದುಗಳಲ್ಲಿ ಉಪ್ಪು ಕೂರುತ್ತದೆ. ಈ ಉಪ್ಪು ಗಾಳಿಯ ತೇವವನ್ನು ಎಳೆದು ಹಿಡಿದುಕೊಳ್ಳುವುದರಿಂದ ಮಳೆ ಬಾರದ ದಿನವೂ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ. ಮಾರುತಿ 800ರಂತಹ ಹಳೆಯ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್, ಸಸ್ಪೆನ್ಷನ್ ಕೂರುವ ಜಾಗ, ಇವೆಲ್ಲ ಸೇರಿಯೇ ಕಾರಿನ ಎಲುಬುಗೂಡು. ಆದ್ದರಿಂದ ತಳದ ತುಕ್ಕನ್ನು ಅಂದಗೆಡುವ ಸಂಗತಿಯೆಂದು ನೋಡದೆ ಸುರಕ್ಷತೆಯ ಪ್ರಶ್ನೆಯೆಂದೇ ನೋಡಬೇಕು.

ಮೊದಲೇ ಹೇಳಬೇಕಾದ ಮಾತೊಂದಿದೆ. ತುಕ್ಕಿನ ಮೇಲೆ ನೇರವಾಗಿ ಕಪ್ಪು ಅಂಡರ್‌ಬಾಡಿ ಕೋಟಿಂಗ್ ಹೊಡೆಸಬೇಡಿ. ನನ್ನ ಕಾರಿಗೆ ಒಮ್ಮೆ ಹಾಗೆ ಹೊಡೆಸಿದ್ದೆ. ಎರಡು ಮಳೆಗಾಲ ಕಳೆದು ಆ ದಪ್ಪ ಪದರವನ್ನು ಕೆರೆದಾಗ ಅದು ಹಪ್ಪಳದಂತೆ ಎದ್ದು ಬಂತು, ಹಿಂದೆಯೇ ತಗಡಿನ ಚೂರುಗಳೂ ಉದುರಿದವು. ಕೋಟಿಂಗಿನ ಅಂಚಿನಿಂದ ಒಳಸೇರಿದ ನೀರಿಗೆ ಹೊರಬರಲು ದಾರಿಯಿರಲಿಲ್ಲ. ಮೇಲ್ನೋಟಕ್ಕೆ ಮಾತ್ರ ಎಲ್ಲವೂ ಹೊಸದರಂತಿತ್ತು.

ಕೆಲಸಕ್ಕೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ದಿನಗಳು ಯೋಗ್ಯ. ತಳವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆದು, ಎರಡು ದಿನ ಒಣಗಲು ಬಿಡಿ. ಬೇಸಿಗೆಯಲ್ಲಿ ಕಡಲ ಹತ್ತಿರದ ಬಾವಿಗಳ ನೀರು ಉಪ್ಪಾಗುವುದುಂಟು. ಅಂತಹ ನೀರಿನಿಂದ ತೊಳೆದರೆ ಮಾಡಿದ ಕೆಲಸವೇ ಹಾಳು. ಗ್ಯಾರೇಜಿನ ರ‍್ಯಾಂಪ್ ಸಿಕ್ಕರೆ ಒಳ್ಳೆಯದು. ಮನೆಯಲ್ಲೇ ಮಾಡುವುದಾದರೆ ಗಟ್ಟಿ ನೆಲದಲ್ಲಿ ಕಾರನ್ನು ಜಾಕ್ ಸ್ಟ್ಯಾಂಡ್‌ಗಳ ಮೇಲೆ ಕೂರಿಸಿ, ನೆಲದಲ್ಲೇ ಇರುವ ಚಕ್ರಗಳಿಗೆ ಅಡೆ ಕೊಡಿ. ಬರಿಯ ಜಾಕ್ ನಂಬಿ ಕಾರಿನಡಿಗೆ ನುಗ್ಗಬಾರದು; ನಮ್ಮಲ್ಲಿ ಕೆಂಪುಕಲ್ಲನ್ನು ಅಡಿಗಿಡುವ ರೂಢಿಯಿದೆ, ಆ ಕಲ್ಲು ಮುನ್ಸೂಚನೆಯಿಲ್ಲದೆ ಬಿರಿಯುತ್ತದೆ, ದಯವಿಟ್ಟು ಬೇಡ.

ಪರೀಕ್ಷೆಗೆ ಟಾರ್ಚ್ ಮತ್ತು ಸ್ಕ್ರೂ ಡ್ರೈವರ್ ಸಾಕು. ಮಡ್‌ಗಾರ್ಡಿನ ಒಳಸುತ್ತು, ಜಾಕ್ ಕೊಡುವ ಜಾಗ, ತಗಡಿಗೆ ತಗಡು ಬೆಸೆದ ಅಂಚುಗಳು, ಹಿಂಚಕ್ರದ ಸಸ್ಪೆನ್ಷನ್ ಬೋಲ್ಟ್ ಆಗಿರುವ ಭಾಗ, ಇಲ್ಲೆಲ್ಲ ಸ್ಕ್ರೂ ಡ್ರೈವರಿನ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಕಣಕಣ ಎನ್ನುತ್ತದೆ, ಒಳಗೊಳಗೇ ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. ಸಂಶಯ ಬಂದಲ್ಲಿ ಮೊನೆಯಿಂದ ಒತ್ತಿ. ಒಳಗೆ ಇಳಿದರೆ ಅಲ್ಲಿ ಔಷಧವೂ ಇಲ್ಲ, ಬಣ್ಣವೂ ಇಲ್ಲ, ತಗಡು ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಿಸಬೇಕು. ಪುಟ್ಟಿ ಮೆತ್ತಿ ಮುಚ್ಚುವ ಟಿಂಕರ್ ಕೆಲಸಕ್ಕೆ ಒಪ್ಪಬೇಡಿ. ವೆಲ್ಡಿಂಗ್‌ಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆಯುವುದನ್ನೂ, ಹತ್ತಿರದ ಪೆಟ್ರೋಲ್ ಪೈಪ್ ಮತ್ತು ಟ್ಯಾಂಕನ್ನು ಬಿಚ್ಚಿ ದೂರವಿಡುವುದನ್ನೂ ನೀವೇ ನಿಂತು ನೋಡಿಕೊಳ್ಳಿ. ಬ್ರೇಕ್ ಪೈಪಿನ ಮೇಲೆ ತುಕ್ಕು ಗುಳಿ ಬಿದ್ದಿದ್ದರೆ ಪೈಪನ್ನೇ ಬದಲಿಸಬೇಕು.

ಹಳೆಯ ಕಾರುಗಳಲ್ಲಿ ನೆಲದ ತಗಡು ಎಷ್ಟೋ ಸಲ ಕೆಳಗಿನಿಂದಲ್ಲ, ಮೇಲಿನಿಂದ ತಿಂದುಹೋಗುತ್ತದೆ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಸಡಿಲವಾಗಿ ನೀರಿಳಿಯುವುದು, ಎ.ಸಿ.ಯ ನೀರು ಹೊರಹೋಗುವ ಪೈಪ್ ಕಟ್ಟಿಕೊಂಡು ಒಳಗೇ ತೊಟ್ಟಿಕ್ಕುವುದು, ಒದ್ದೆ ಚಪ್ಪಲಿಯ ನೀರು ಮ್ಯಾಟಿನಡಿ ಸೇರುವುದು, ಈ ಕಾರಣಗಳಿಂದ ಕಾರ್ಪೆಟ್ಟಿನ ಕೆಳಗೆ ತಿಂಗಳುಗಟ್ಟಲೆ ತೇವ ನಿಲ್ಲುತ್ತದೆ. ಆದ್ದರಿಂದ ಸೀಟು ಬಿಚ್ಚಿ ಕಾರ್ಪೆಟ್ ಎತ್ತಿ ನೋಡದೆ ತಳದ ಕೆಲಸ ಶುರುಮಾಡುವುದು ವ್ಯರ್ಥ. ಬಾಗಿಲಿನ ಮತ್ತು ರನ್ನಿಂಗ್ ಬೋರ್ಡಿನ ಕೆಳಅಂಚಿನಲ್ಲಿ ನೀರು ಇಳಿದುಹೋಗಲು ಇಟ್ಟ ಚಿಕ್ಕ ತೂತುಗಳನ್ನೂ ಆಗಲೇ ಹುಡುಕಿ, ಕಟ್ಟಿಕೊಂಡ ಕೆಸರನ್ನು ಸಪೂರ ತಂತಿಯಿಂದ ಬಿಡಿಸಿ. ನನ್ನ ಅನುಭವದಲ್ಲಿ ಯಾವ ದುಬಾರಿ ಕೋಟಿಂಗಿಗಿಂತಲೂ ಹೆಚ್ಚು ಉಪಕಾರ ಮಾಡಿದ್ದು ಈ ಒಂದು ಕೆಲಸ.

ತಗಡು ಗಟ್ಟಿಯಿದ್ದಲ್ಲಿ ಮೇಲಿನ ಸಡಿಲ ತುಕ್ಕನ್ನೂ ಹಳೆಯ ಕೋಟಿಂಗನ್ನೂ ಕೆರೆದು, ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಗ್ರೈಂಡರಿಗೆ ತಂತಿ ಬ್ರಷ್ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಪೆಟ್ರೋಲ್ ಟ್ಯಾಂಕ್ ಮತ್ತು ಪೈಪ್‌ಗಳ ಹತ್ತಿರ ಕಿಡಿ ಹಾರಬಾರದು, ಅಲ್ಲಿ ಕೈಯಿಂದಲೇ ಉಜ್ಜಿ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲೇಬೇಕು. ಬಳಿಕ ಎಮರಿ ಪೇಪರ್ ಹಾಕಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಜಿಡ್ಡು ಒರೆಸಿ.

ಗುಳಿಗಳಲ್ಲಿ ಎಷ್ಟು ಉಜ್ಜಿದರೂ ಹೋಗದೆ ಉಳಿಯುವ ತುಕ್ಕಿಗೆ ರಸ್ಟ್ ಕನ್ವರ್ಟರ್ ಹಚ್ಚಬೇಕು. ಇದರಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಹಸಿ ಬಾಳೆಕಾಯಿ ಹೆಚ್ಚಿದ ಕಬ್ಬಿಣದ ಕತ್ತಿ ಕಪ್ಪಾಗುವುದು ಯಾವ ಗುಣದಿಂದಲೋ ಟ್ಯಾನಿಕ್ ಆಮ್ಲ ತುಕ್ಕನ್ನು ಕಪ್ಪು ಪದರವಾಗಿ ಮಾರ್ಪಡಿಸುವುದೂ ಅದೇ ಗುಣದಿಂದ. ಕನ್ವರ್ಟರ್ ಇರುವುದು ತುಕ್ಕನ್ನು ಮಾರ್ಪಡಿಸಲಿಕ್ಕೆ, ಆದ್ದರಿಂದ ಹೊಳೆಯುವ ತಗಡಿಗೆ ಹಚ್ಚಿ ಪ್ರಯೋಜನವಿಲ್ಲ; ದಪ್ಪ ತುಕ್ಕಿನ ಆಳಕ್ಕೂ ಅದು ಇಳಿಯುವುದಿಲ್ಲ. ತೆಳುವಾಗಿ ಎರಡು ಸಲ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಒಣಗಿಸಿ. ಅದರ ಮೇಲೆ ಯಾವ ಪ್ರೈಮರ್ ಹೊಂದುತ್ತದೆ ಎಂಬುದನ್ನೂ ಅಲ್ಲಿಯೇ ಓದಿಕೊಳ್ಳಿ. ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಒಂದೇ ತಳಕ್ಕೆ ಸಾಲದು. ಎರಡು ಡಬ್ಬಿ ಬೆರೆಸಿ ಹಚ್ಚುವ ಎಪಾಕ್ಸಿ ಪ್ರೈಮರ್ ನೀರನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಪ್ರೈಮರ್ ಒಣಗಿದ ಮೇಲೆ ತಗಡಿನ ಸಂದುಗಳಿಗೆ ಸೀಲೆಂಟ್, ಆಮೇಲೆ ಬಣ್ಣ, ಕೊನೆಯಲ್ಲಿ ಅಂಡರ್‌ಬಾಡಿ ಕೋಟಿಂಗ್. ಸೈಲೆನ್ಸರ್, ಬ್ರೇಕ್ ಡಿಸ್ಕ್ ಮತ್ತು ಡ್ರಮ್, ರಬ್ಬರ್ ಬುಷ್‌ಗಳು, ನೀರು ಇಳಿಯುವ ತೂತುಗಳು, ಇವನ್ನು ಮೊದಲೇ ಟೇಪ್ ಅಂಟಿಸಿ ಮುಚ್ಚಿಡಿ.

ರನ್ನಿಂಗ್ ಬೋರ್ಡಿನಂತಹ ಪೆಟ್ಟಿಗೆಯಾಕಾರದ ಭಾಗಗಳ ಒಳಗೆ ಬ್ರಷ್ ಹೋಗದು. ಅಲ್ಲಿಗೆ ಉದ್ದ ನಳಿಗೆಯ ಸ್ಪ್ರೇಯಿಂದ ಮೇಣದ ರಸ್ಟ್‌ಪ್ರೂಫ್ ಸಿಂಪಡಿಸಿ. ಕೆಳಗಿನ ತೂತುಗಳಿಂದ ಅದು ತೊಟ್ಟಿಕ್ಕಿದರೆ ಅಲ್ಲಿಯವರೆಗೆ ತಲುಪಿದೆ ಎಂದು ತಿಳಿಯಬಹುದು. ಹಳೆಯ ಇಂಜಿನ್ ಆಯಿಲ್ ಬಳಿಯುವ ಪದ್ಧತಿ ಇನ್ನೂ ಇದೆ. ಅದು ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ, ಮೊದಲ ಮಳೆಗೆ ಅಂಗಳಕ್ಕೆ ತೊಳೆದುಹೋಗಿ ಮನೆಯ ಬಾವಿಯನ್ನೂ ಸೇರಬಹುದು.

ಇಷ್ಟಾದ ಮೇಲೆ ವರ್ಷಕ್ಕೆ ಎರಡು ಸಲದ ಆರೈಕೆ ಸಾಕಾಗುತ್ತದೆ. ಮೇ ತಿಂಗಳಲ್ಲಿ ಕೋಟಿಂಗಿಗೆ ಕಲ್ಲು ಬಡಿದು ಎದ್ದ ಜಾಗಗಳನ್ನು ಕೆರೆದು ಮತ್ತೆ ಪ್ರೈಮರ್ ಹಚ್ಚಿ, ಮೇಣ ಸಿಂಪಡಿಸಿ. ಅಕ್ಟೋಬರಿನಲ್ಲಿ ಕೆಸರು ತೊಳೆದು, ತೂತುಗಳನ್ನು ಬಿಡಿಸಿ, ಕಾರ್ಪೆಟ್ಟನ್ನು ಬಿಸಿಲಿಗೆ ಹಾಕಿ. ನಡುವೆ ಮಲ್ಪೆಗೋ ಪಣಂಬೂರಿಗೋ ಹೋಗಿ ಬಂದ ಸಂಜೆಯೇ ಚಕ್ರದ ಒಳಬದಿಗೆ ಸಿಹಿನೀರು ಹಾಯಿಸಿ. ತೊಳೆದ ಕೂಡಲೇ ಕಾರಿಗೆ ಕವರ್ ಹಾಕದೆ, ಗಾಳಿಯಾಡುವಲ್ಲಿ ಒಂದು ರಾತ್ರಿ ನಿಲ್ಲಿಸಿಡಿ.