ಅಡಿಕೆ ಸಿಪ್ಪೆ ರಾಶಿಗೆ ಬಿಸಿ ಏರಿಸಿದ್ದು: ನನ್ನ ಅನುಭವ

ಚಾಲಿ, ಅಂದರೆ ಹಣ್ಣಾದ ಮೇಲೆ ಬಿಸಿಲಲ್ಲಿ ಒಣಗಿಸಿ ಸುಲಿಯುವ ಅಡಿಕೆಯ ಸಿಪ್ಪೆ ಕೊಳೆಯಲು ಎರಡು ಮಳೆಗಾಲ ಬೇಕೇ ಬೇಕು ಎಂದು ನಮ್ಮ ಶಿರಸಿ ಕಡೆ ಎಲ್ಲರೂ ಹೇಳುತ್ತಾರೆ. ಹಾಗಾಗಿ ಬಹಳ ಜನ ಸುಟ್ಟೇ ಬಿಡುತ್ತಾರೆ. ನಮ್ಮ ರಾಶಿ ಈ ಸಲ ನಾಲ್ಕೈದು ತಿಂಗಳಲ್ಲಿ ಕಪ್ಪಗೆ ಪುಡಿಯಾಯಿತು. "ಹಳೇ ಗೊಬ್ಬರ ಬೆರೆಸಿದ್ದೀಯ ಮಾರಾಯ" ಎಂದವರಿಗೆ ಕೈ ಹಾಕಿಸಿ ತೋರಿಸಿದ್ದೇನೆ.

ಇದು ಬಿಸಿಯಲ್ಲಿ ಬದುಕುವ ಸೂಕ್ಷ್ಮಜೀವಿಗಳ ಕೆಲಸ. ಲಡಾಖಿನ ಶೀತ ಮರುಭೂಮಿಯಲ್ಲಿ, ಪೂಗಾ ಕಣಿವೆಯ ಬಿಸಿನೀರ ಬುಗ್ಗೆಗಳಲ್ಲೂ ಇಂಥವು ಇವೆ. 1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಬುಗ್ಗೆಯಲ್ಲಿ ವಿಜ್ಞಾನಿ ಥಾಮಸ್ ಬ್ರಾಕ್ ತಂಡಕ್ಕೆ ಸಿಕ್ಕ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯಾಕ್ಕೆ 70 ಡಿಗ್ರಿ ಹಿತ. ಅದರ ಕಿಣ್ವದಿಂದಲೇ ಪಿಸಿಆರ್, ಅಂದರೆ ಡಿಎನ್ಎಯನ್ನು ಹಲವು ಪಟ್ಟು ಹೆಚ್ಚಿಸಿ ನೋಡುವ ಪರೀಕ್ಷೆ ಸುಲಭವಾಗಿದ್ದು. ಅದೇ ಥರ್ಮಸ್ ಕುಲದವು ಬಿಸಿ ಗೊಬ್ಬರದ ರಾಶಿಯಲ್ಲೂ ಸಿಕ್ಕಿವೆ. ಇದನ್ನು ಓದಿದ ಮೇಲೇ ನನಗೆ ಧೈರ್ಯ ಬಂತು. ಬುಗ್ಗೆಗೆ ಹೋಗಬೇಕಿಲ್ಲ, ರಾಶಿ ಬಿಸಿಯಾದರೆ ಸಾಕು ಅಲ್ವಾ?

ಬಿಸಿ ಮಾಡುವುದಕ್ಕೇ ದುಡ್ಡು ಹೋಯಿತು. ಸಿಪ್ಪೆ ಕೊಳೆಸುವ ಪುಡಿ ಎಂದು ಒಂದು ಕಂಪನಿಯವರು ಕೊಟ್ಟ ಪ್ಯಾಕೆಟ್‌ಗಳಿಗೆ ಹತ್ತಿರ ಹತ್ತಿರ 6,000 ಸುರಿದೆ. ರಾಶಿ ಬೆಚ್ಚಗೂ ಆಗಲಿಲ್ಲ. ಮರು ವರ್ಷ ಬಿಸಿ ಏರಿತು, ಆದರೆ ಆಷಾಢದ ಮಳೆ ತಾಡಪಾಲಿನ ಅಡಿಗೆ ನುಗ್ಗಿತು. ಗಾಳಿ ಸಿಗದೆ ರಾಶಿ ನಾರಿತು. ಬಿಡಿಸಿ ಮತ್ತೆ ಒಟ್ಟಲು ಆಳಿನ ಖರ್ಚೇ 4,000 ದಾಟಿರಬೇಕು. ಕೊನೆಗೆ ತಗಡಿನ ಚಪ್ಪರ ಹಾಕಿಸಿದೆ, 25–30 ಸಾವಿರ ಆಯಿತು. ನಮ್ಮ ಮಳೆಗೆ ಅದಿಲ್ಲದೆ ಆಗದು.

ಚಾಲಿ ಸಿಪ್ಪೆಗೆ ಮೇಲಿಂದ ಪೈಪ್ ಹಿಡಿದರೆ ನೀರು ಜಾರಿ ಹೋಗುತ್ತದೆ. ತೊಟ್ಟಿಯಲ್ಲಿ ಮುಳುಗಿಸಿ ಎರಡು ದಿನ ಬಿಡಬೇಕು. ಹಸಿರು ಕಾಯಿ ಇರುವಾಗಲೇ ಸುಲಿದು ಬೇಯಿಸುವ ಕೆಂಪಡಿಕೆಯ ಹಸಿ ಸಿಪ್ಪೆಗೆ ಈ ಕಾಟ ಇಲ್ಲ. ಆಮೇಲೆ ಸಿಪ್ಪೆ, ಹಸಿ ಸಗಣಿ, ಗ್ಲಿರಿಸಿಡಿಯಾ ಸೊಪ್ಪು ಪದರ ಪದರವಾಗಿ. ಎತ್ತರ 5 ಅಡಿ ಬೇಕು, ಕಡಿಮೆಯಾದರೆ ಬಿಸಿ ನಿಲ್ಲುವುದಿಲ್ಲ. ಮೂರು–ನಾಲ್ಕನೇ ದಿನಕ್ಕೆ 60 ಡಿಗ್ರಿ. 65 ದಾಟಿದರೆ ಮಗುಚುತ್ತೇನೆ. 70ರ ಮೇಲೆ ಕೆಲಸದ ಜೀವಿಗಳೇ ಜಾಸ್ತಿ ಸಾಯುತ್ತವೆ. ಒಳಗೆ ಬೆಳ್ಳಗಿನ ಪದರ ಕಂಡರೆ ಹೆದರಬೇಡಿ, ಅದು ಆಕ್ಟಿನೋಮೈಸಿಟೀಸ್ ಎಂಬ, ಎಳೆ ಎಳೆಯಾಗಿ ಬೆಳೆಯುವ ಬ್ಯಾಕ್ಟೀರಿಯಾ. ಗಟ್ಟಿ ನಾರನ್ನು ಹಣ್ಣು ಮಾಡುವುದರಲ್ಲಿ ಅದರ ಪಾಲು ದೊಡ್ಡದು.

ಪ್ಯಾಕೆಟ್ ಈಗ ಬೇಡ. ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಳೇ ರಾಶಿಯಿಂದ ಒಂದಿಷ್ಟು ತೆಗೆದು ಹೊಸದಕ್ಕೆ ಸೇರಿಸುತ್ತೇನೆ. ಯಾವ ಹಂತದಲ್ಲಿ ತೆಗೆಯುತ್ತೇನೆ, ಸಗಣಿ ಜೊತೆ ಇನ್ನೇನು ಕಲಸುತ್ತೇನೆ ಅನ್ನುವುದನ್ನು ಸದ್ಯಕ್ಕೆ ಹೇಳುವುದಿಲ್ಲ.

ನಡುವೆ ರಾಶಿಯೊಳಗೆ ಕಪ್ಪು ಪೈಪ್ ಸುತ್ತಿ ಸ್ನಾನಕ್ಕೆ ನೀರು ಕಾಯಿಸಿದೆವು. ಕೆಲವು ವಾರ ಒಲೆ ಹೊತ್ತಿಸಲೇ ಇಲ್ಲ. ಆದರೆ ಮಗುಚುವಾಗ ಪೈಪ್ ಅಡ್ಡ, ನೀರು ಜಾಸ್ತಿ ಎಳೆದರೆ ರಾಶಿಯೇ ತಣ್ಣಗಾಗುತ್ತದೆ. ಬಿಟ್ಟೆವು. ಕಳೆ ಬೀಜಗಳನ್ನು ಬಟ್ಟೆಯಲ್ಲಿ ಕಟ್ಟಿ ರಾಶಿಯ ನಡುವೆ ಹುಗಿದಿದ್ದೆ. ತೆಗೆದು ಬಿತ್ತಿದರೆ ಒಂದೂ ಮೊಳೆಯಲಿಲ್ಲ. ಕೊಳೆರೋಗದಲ್ಲಿ ಉದುರಿದ ಕಾಯಿಯನ್ನೂ ಈಗ ನಡುವಿಗೇ ಹಾಕುತ್ತೇನೆ.

ಮೊದಲು ವರ್ಷಕ್ಕೆ ನಾಲ್ಕು ಲೋಡ್ ಸಗಣಿ ಗೊಬ್ಬರ ತರಿಸುತ್ತಿದ್ದೆ, ಲೋಡಿಗೆ ಸುಮಾರು 5,000. ಈಗ ಒಂದು ಸಾಕು. ಚಪ್ಪರದ ಖರ್ಚು ಮುಂದಿನ ವರ್ಷಕ್ಕೆ ತೀರುತ್ತದೆ. ಅಡಿಕೆ ಮರದ ಸೋಗೆಯನ್ನೂ (ಗರಿ) ಕತ್ತರಿಸಿ ಸೇರಿಸಬೇಕೆಂದಿದ್ದೇನೆ, ಕತ್ತರಿಸುವ ಯಂತ್ರ ಬಾಡಿಗೆಗೆ ಕೇಳಿಟ್ಟಿದ್ದೇನೆ.