ಹುಬ್ಬಳ್ಳಿಯಲ್ಲಿ ಡ್ರೈವರ್ ಬದಲಿ: ನನ್ನ ಅನುಭವ

"ಎಂಟು ಗಂಟೆ ಓಡಿಸಿ ಡ್ರೈವರ್‌ನ ಇಳಿಸ್ತೀರಾ? ಗಾಡಿ ಮಾರಿಬಿಡಿ" ಅಂತ ನಮ್ಮ ಸ್ಟ್ಯಾಂಡಿನಲ್ಲಿ ನಕ್ಕಿದ್ದರು. ನನ್ನವು ಆರು ಲಾರಿ, ಬೆಂಗಳೂರು–ಪುಣೆ ಲೈನು.

ದಿನಕ್ಕೆ 8 ಗಂಟೆ, 5 ಗಂಟೆ ಓಡಿಸಿದರೆ ಅರ್ಧ ಗಂಟೆ ಬಿಡುವು, ದೂರದ ರೂಟಿಗೆ ಅನುಮತಿ ಇದ್ದರೆ 10 ಗಂಟೆ. ಇದೆಲ್ಲ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆದಿತ್ತು. ಪಾಲಿಸಿದವರು ಯಾರು? ನಾನೂ ಪಾಲಿಸಿರಲಿಲ್ಲ. ಒಂದು ರಾತ್ರಿ ನಿಪ್ಪಾಣಿ ಹತ್ತಿರ ನಮ್ಮ ಹುಡುಗ ನಿದ್ದೆಗಣ್ಣಲ್ಲಿ ಡಿವೈಡರ್ ಹತ್ತಿಸಿದ. ಜೀವ ಉಳಿಯಿತು. ರಿಪೇರಿಗೆ ಒಂದೂಮುಕ್ಕಾಲು ಲಕ್ಷದ ಹತ್ತಿರ ಹೋಯಿತು.

ಮೊದಲು ಒಂದೇ ಗಾಡಿಗೆ ಇಬ್ಬರನ್ನು ಹಾಕಿದೆ. ಓಡುವ ಗಾಡಿಯ ಬರ್ತ್‌ನಲ್ಲಿ ಯಾರಿಗೆ ನಿದ್ದೆ ಬರುತ್ತದೆ? ಇಬ್ಬರೂ ತೂಕಡಿಸಿದರು, ಸಂಬಳ ಮಾತ್ರ ಡಬಲ್. ಆಮೇಲೆ ರಾತ್ರಿ 2ರಿಂದ 5 ಗಾಡಿ ನಿಲ್ಲಿಸಿ ಅಂತ ರೂಲ್ ಮಾಡಿದೆ. ಒಪ್ಪಲಿಲ್ಲ. ಭತ್ಯ ಟ್ರಿಪ್ಪಿನ ಲೆಕ್ಕದಲ್ಲಿದ್ದರೆ ಯಾರು ನಿಲ್ಲಿಸುತ್ತಾರೆ? ನಿದ್ದೆ ಬಂದರೆ ಕೂಗುವ ಕ್ಯಾಮೆರಾನೂ ಹಾಕಿಸಿದೆ. ಎರಡೇ ವಾರಕ್ಕೆ ಅದಕ್ಕೆ ಟೇಪ್ ಬಿತ್ತು.

ಕೊನೆಗೆ ಹುಬ್ಬಳ್ಳಿ ಹೊಳೆಯಿತು. ಬೆಂಗಳೂರಿಂದ 410 ಕಿ.ಮೀ., ಅಲ್ಲಿಂದ ಪುಣೆಗೂ ಹೆಚ್ಚುಕಡಿಮೆ ಅಷ್ಟೇ. ಬೆಂಗಳೂರಿನ ಹುಡುಗ ಬೈಪಾಸಿನಲ್ಲಿ ಇಳಿದು ನಮ್ಮ ಬಾಡಿಗೆ ರೂಮಲ್ಲಿ ಮಲಗುತ್ತಾನೆ, ಹುಬ್ಬಳ್ಳಿಯವನು ಹತ್ತುತ್ತಾನೆ. ಮಲಗಿದವನು ಮಾರನೇ ದಿನ ವಾಪಸ್ ಬರುವ ಗಾಡಿ ತರುತ್ತಾನೆ. ನಿಜ ಹೇಳಬೇಕೆಂದರೆ ಒಂಬತ್ತು ಗಂಟೆ ಆಗುತ್ತದೆ, ಎಂಟಲ್ಲ.

ಮೊದಲ ಮೂರು ತಿಂಗಳು ಕೈ ಸುಟ್ಟಿತು. ಡ್ರೈವರ್‌ಗಳು ಆರರಿಂದ ಎಂಟಾದರು, ರೂಮ್ ಬಾಡಿಗೆ ಐದು ಸಾವಿರ ಬೇರೆ. ಪುಣೆ ಕಡೆಯ ಖಂಬಾಟ್ಕಿ ಘಾಟ್‌ನಲ್ಲಿ ಜಾಮ್ ಆದರೆ ಹುಬ್ಬಳ್ಳಿಯಲ್ಲಿ ಒಬ್ಬ ಸುಮ್ನೆ ಕೂತಿರುತ್ತಿದ್ದ. ಕೂತದ್ದಕ್ಕೂ ಭತ್ಯ ಕೊಡಲು ಶುರು ಮಾಡಿದ ಮೇಲೇ ದಾರಿಗೆ ಬಂತು. ಇದೇ ಮುಖ್ಯ, ಡ್ರೈವರ್ ಬದಲಿಸುವುದಲ್ಲ.

ನಡುವೆ ಹಳೇ ಗಾಡಿಯೊಂದಕ್ಕೆ ಏಸಿ ಕೂರಿಸಿದೆ. ಹೊಸ ಗಾಡಿಗಳಿಗೆ 2025ರ ಅಕ್ಟೋಬರ್‌ನಿಂದ ಏಸಿ ಕ್ಯಾಬಿನ್ ಕಡ್ಡಾಯ ಆಗಿದೆ ಅಲ್ವಾ, ನಮ್ಮವರಿಗೂ ಇರಲಿ ಅಂತ. ನಲವತ್ತು ಸಾವಿರ ಬಿತ್ತು. ಈಗ ಆ ಗಾಡಿಗೇ ಎಲ್ಲರೂ ಕಿತ್ತಾಡುತ್ತಾರೆ!

ಮೊದಲು ಒಂದು ಗಾಡಿ ತಿಂಗಳಿಗೆ ಏಳು ಟ್ರಿಪ್ ಹೊಡೆಯುತ್ತಿತ್ತು, ಈಗ ಒಂಬತ್ತು. ಎಲ್ಲ ಖರ್ಚು ಕಳೆದು ಗಾಡಿಗೆ ಎಂಟೊಂಬತ್ತು ಸಾವಿರ ಜಾಸ್ತಿ ಉಳಿಯುತ್ತದೆ. ವರ್ಷದಿಂದ ಯಾವ ಡ್ರೈವರೂ ಬಿಟ್ಟು ಹೋಗಿಲ್ಲ.

ಮೊನ್ನೆ, ಅಂದು ನಕ್ಕವರಲ್ಲೇ ಒಬ್ಬರು ಫೋನ್ ಮಾಡಿದರು. "ನಿಮ್ಮ ಹುಬ್ಬಳ್ಳಿ ರೂಮಲ್ಲಿ ನಮ್ಮ ಇಬ್ಬರಿಗೆ ಜಾಗ ಸಿಗುತ್ತಾ?" ಬಾಡಿಗೆ ಅರ್ಧ ಕೊಟ್ಟರೆ ಸಿಗುತ್ತೆ ಅಂದೆ.