ಮಡಿಕೇರಿ ಮಳೆ ಸಾಲ್ವೆಂಟಿನೊಳಗೂ ಬಂದಿತ್ತು

ಜುಲೈ ತಿಂಗಳು. ಹತ್ತು ದಿನದಿಂದ ಮಡಿಕೇರಿಯಲ್ಲಿ ಬಿಸಿಲಿನ ಸುಳಿವಿಲ್ಲ. ಲ್ಯಾಬಿನ ಡೆಸಿಕೇಟರಿಗೆ (ವಸ್ತುಗಳನ್ನು ಒಣಗಿಸಿಡುವ ಪಾತ್ರೆಗೆ) ಹಾಕಿದ, ತೇವ ಹೀರುವ ನೀಲಿ ಸಿಲಿಕಾ ಜೆಲ್ ಎರಡೇ ದಿನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗುತ್ತಿತ್ತು. ಅಂಥ ಹೊತ್ತಿನಲ್ಲೇ ನಾನು ಮತ್ತು ನನ್ನ ಎಂಎಸ್ಸಿ ವಿದ್ಯಾರ್ಥಿನಿ 3-ಹೈಡ್ರಾಕ್ಸಿಫ್ಲೇವೋನ್ ಕೆಲಸಕ್ಕೆ ಕೈ ಹಾಕಿದೆವು.

ಇದೊಂದು ತಿಳಿ ಹಳದಿ ಪುಡಿ. ಈರುಳ್ಳಿ ಸಿಪ್ಪೆಯಲ್ಲಿರುವ ಕ್ವೆರ್ಸೆಟಿನ್ ಇದರ ನೆಂಟ. ಅಣುವಿನಲ್ಲಿ ಒಂದು ಓಎಚ್ ಗುಂಪು ಇದೆ, ಅದಕ್ಕೆ ತಾಗಿದಂತೆ ಕಾರ್ಬೊನಿಲ್ ಆಕ್ಸಿಜನ್, ಅಂದ್ರೆ ಕಾರ್ಬನ್ನಿಗೆ ಜೋಡಿ ಬಂಧದಲ್ಲಿ ಅಂಟಿದ ಆಕ್ಸಿಜನ್, ಇದೆ. ಎರಡರ ನಡುವೆ ಹೈಡ್ರೋಜನ್ ಬಂಧ. ಅಲ್ಟ್ರಾವೈಲೆಟ್ ಬೆಳಕು ಬಿದ್ದರೆ ಓಎಚ್‌ನ ಪ್ರೋಟಾನ್ (ಹೈಡ್ರೋಜನ್ನಿನ ಬೀಜ) ಆ ಬಂಧದ ದಾರಿ ಹಿಡಿದು ಆಚೆ ಆಕ್ಸಿಜನ್ನಿಗೆ ಜಿಗಿಯುತ್ತದೆ. ಅದಕ್ಕೆ ಒಂದು ಪಿಕೋಸೆಕೆಂಡ್, ಅಂದ್ರೆ ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಪಾಲು, ಕೂಡ ಬೇಕಿಲ್ಲ. ಪ್ರೋಟಾನ್ ಜಿಗಿದ ಅಣು 530 ನ್ಯಾನೋಮೀಟರ್ ಹತ್ತಿರ ಹಸಿರಾಗಿ ಹೊಳೆಯುತ್ತದೆ. ಜಿಗಿಯದೆ ಉಳಿದದ್ದು 400ರ ಆಸುಪಾಸಿನಲ್ಲಿ ನೇರಳೆ ಬೆಳಕು ಕೊಡುತ್ತದೆ. ಈ ಜಿಗಿತದ ವಿಚಾರವನ್ನು 1979ರಲ್ಲಿ ಪ್ರದೀಪ್ ಸೇನ್‌ಗುಪ್ತ ಮತ್ತು ಮೈಕೆಲ್ ಕಾಶಾ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಸೈಕ್ಲೋಹೆಕ್ಸೇನ್ ಎಂಬ ಸಾಲ್ವೆಂಟಿನಲ್ಲಿ (ಕರಗಿಸುವ ದ್ರವದಲ್ಲಿ) ಕರಗಿಸಿದರೆ ಹಸಿರು ಮಾತ್ರ ಬರಬೇಕು. ಆ ಸಾಲ್ವೆಂಟಿಗೆ ಹೈಡ್ರೋಜನ್ ಬಂಧ ಕಟ್ಟುವ ಗುಣವೇ ಇಲ್ಲ.

"ಮೇಡಂ, ಇಲ್ಲೊಂದು ಸಣ್ಣ ಗುಡ್ಡ ಬರ್ತಾ ಇದೆ, ನೋಡಿ," ಅಂದಳು ಹುಡುಗಿ. ಸ್ಪೆಕ್ಟ್ರಮ್‌ನಲ್ಲಿ, ಅಂದ್ರೆ ಹೊರಬಂದ ಬೆಳಕಿನ ಗ್ರಾಫಿನಲ್ಲಿ, 405ರ ಹತ್ತಿರ ಒಂದು ನೇರಳೆ ಉಬ್ಬು.

ಮೊದಲು ರಾಮನ್ ಚದುರಿಕೆ (ಸಾಲ್ವೆಂಟಿನ ಅಣುಗಳೇ ಬೆಳಕಿನ ಬಣ್ಣ ಬದಲಿಸಿ ಚದುರಿಸುವುದು) ಇರಬಹುದು ಅಂದುಕೊಂಡೆ. ನಾವು 345 ನ್ಯಾನೋಮೀಟರ್ ಬೆಳಕು ಕೊಡುತ್ತಿದ್ದೆವು. ಆ ಲೆಕ್ಕದಲ್ಲಿ ಸೈಕ್ಲೋಹೆಕ್ಸೇನಿನ ರಾಮನ್ ಗೆರೆ 383ರ ಸುಮಾರಿಗೆ ಬೀಳಬೇಕು. ಬರೀ ಸಾಲ್ವೆಂಟ್ ಹಾಕಿ ಬ್ಲ್ಯಾಂಕ್ ತೆಗೆದೆವು. 383ರಲ್ಲಿ ಗೆರೆ ಸಿಕ್ಕಿತು, ಅದನ್ನು ಕಳೆದೆವು. 405ರ ಗುಡ್ಡ ಮಾತ್ರ ಅಲ್ಲೇ ನಿಂತಿತ್ತು. ಕ್ಯುವೆಟ್ (ದ್ರಾವಣ ಹಾಕಿ ಅಳೆಯುವ ಸಣ್ಣ ಪಾತ್ರೆ) ಮತ್ತೆ ತೊಳೆದೆವು. ಹೊಸ ದ್ರಾವಣ ಮಾಡಿದೆವು. ಗುಡ್ಡ ಹೋಗಲಿಲ್ಲ, ಮಧ್ಯಾಹ್ನದ ಹೊತ್ತಿಗೆ ಇನ್ನೂ ಸ್ವಲ್ಪ ಎತ್ತರವೇ ಆಯಿತು!

ಆಗ ಕಣ್ಣು ಡೆಸಿಕೇಟರಿನ ಕಡೆ ಹೋಯಿತು. ಜೆಲ್ ಮತ್ತೆ ಗುಲಾಬಿ. ಬೆಳಿಗ್ಗೆಯಿಂದ ಹತ್ತಾರು ಸಲ ಬಾಟಲಿ ಮುಚ್ಚಳ ತೆಗೆದಿದ್ದೆವು. ಕಿಟಕಿಯಾಚೆ ಮಂಜು, ಮಳೆ. ನೀರು ಸೈಕ್ಲೋಹೆಕ್ಸೇನಿನಲ್ಲಿ ಕರಗುವುದೇ ಇಲ್ಲ ಅಂತ ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ಅಲ್ವಾ? ಒಂದು ಚೂರು ಕರಗುತ್ತದೆ. ಕಾಗದ ತಗೊಂಡು ಲೆಕ್ಕ ಹಾಕಿದೆ. ಒಂದು ಲೀಟರಿಗೆ ಬರೀ 36 ಮಿಲಿಗ್ರಾಂ ನೀರು ಸೇರಿದರೂ ಅದು 2 ಮಿಲಿಮೋಲಾರ್ (ಒಂದು ಲೀಟರಿನಲ್ಲಿ ಎಷ್ಟು ಅಣು ಇವೆ ಅನ್ನುವ ಅಳತೆ). ನಮ್ಮ ಬಣ್ಣ, ಅಂದ್ರೆ 3-ಹೈಡ್ರಾಕ್ಸಿಫ್ಲೇವೋನ್, ಇದ್ದದ್ದು 0.01 ಮಿಲಿಮೋಲಾರ್. ಅಂದ್ರೆ ಒಂದೊಂದು ಬಣ್ಣದ ಅಣುವಿಗೂ ಇನ್ನೂರು ನೀರಿನ ಅಣು! ಅದರಲ್ಲಿ ಒಂದು ಬಂದು ಓಎಚ್‌ಗೂ ಕಾರ್ಬೊನಿಲ್‌ಗೂ ನಡುವೆ ಕೂತರೆ ಸಾಕು, ಒಳಗಿನ ಬಂಧ ಬಿಡುತ್ತದೆ. ಪ್ರೋಟಾನಿಗೆ ನೇರ ದಾರಿ ಇಲ್ಲ.

ನೀರು ಹೀರುವ ಮಾಲಿಕ್ಯುಲರ್ ಸೀವ್ ಕಾಳುಗಳನ್ನು ಇಡೀ ರಾತ್ರಿ 300 ಡಿಗ್ರಿಯಲ್ಲಿ ಕಾಯಿಸಿದೆವು. ಒಣ ಜಾಗದಲ್ಲಿ ಆರಿಸಿ ಸಾಲ್ವೆಂಟಿಗೆ ಹಾಕಿ ಎರಡು ದಿನ ಬಿಟ್ಟೆವು. ಗಾಜಿನ ಸಾಮಾನನ್ನೆಲ್ಲ ಓವನ್ನಿನಲ್ಲಿಟ್ಟು, ಬಿಸಿ ಆರುವ ಮೊದಲೇ ಬಿರಡೆ ಹಾಕಿದೆವು. ಮೂರನೇ ದಿನದ ಸ್ಪೆಕ್ಟ್ರಮ್‌ನಲ್ಲಿ 405ರ ಜಾಗ ಹೆಚ್ಚುಕಮ್ಮಿ ಸಪಾಟು. ಅಲ್ಟ್ರಾವೈಲೆಟ್ ಟಾರ್ಚಿನ ಬೆಳಕು ಹಾಯಿಸಿದರೆ ಕ್ಯುವೆಟ್ ತುಂಬ ಹಸಿರು. ಹುಡುಗಿ ಸುಮ್ನೆ ಅದನ್ನೇ ನೋಡುತ್ತಾ ನಿಂತಳು. ನನಗೂ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ.

1984ರಲ್ಲೇ ಮ್ಯಾಕ್‌ಮೊರೊ ಮತ್ತು ಕಾಶಾ ಇದನ್ನು ತೋರಿಸಿದ್ದರು. ಇಂಥ ಸಾಲ್ವೆಂಟಿನಲ್ಲಿ ಕಾಣುವ ನೇರಳೆ ಬೆಳಕಿಗೆ ಕಾರಣ ಅದರೊಳಗಿನ ತೇವದಂಥ ಕಲಬೆರಕೆ ಅಂತ. ನಾನು ಅದನ್ನು ಓದಿದ್ದೆ. ಓದಿದ್ದು ಬೇರೆ, ನಮ್ಮ ಮಳೆಯೇ ಬಂದು ಗ್ರಾಫಿನ ಮೇಲೆ ಕೂತದ್ದನ್ನು ನೋಡಿದ್ದು ಬೇರೆ.

ಆಮೇಲೆ ಬೇಕೆಂದೇ ಮೆಥನಾಲ್ ಸೇರಿಸಿ ನೋಡಿದೆವು. ನೇರಳೆ ಏರಿತು, ಹಸಿರು ಮಂಕಾಯಿತು. ಇಲ್ಲಿ ಸಾಲ್ವೆಂಟಿನ ಪೋಲಾರಿಟಿ (ಅಣುವಿನ ಒಂದು ತುದಿ ಧನ, ಇನ್ನೊಂದು ಋಣವಾಗಿರುವ ಗುಣ) ಜಾಸ್ತಿಯಾದದ್ದೇ ಕಾರಣ ಅಂತ ಹುಡುಗಿಯ ವಾದ. ಒಳ್ಳೆಯ ಪ್ರಶ್ನೆ. "ಹಾಗಾದ್ರೆ ಅಸಿಟೋನೈಟ್ರೈಲ್ ಹಾಕಿ ನೋಡಮ್ಮ," ಅಂದೆ. ಪೋಲಾರಿಟಿಯ ಒಂದು ಅಳತೆಯಾದ ಡೈಎಲೆಕ್ಟ್ರಿಕ್ ಸಂಖ್ಯೆ ಆ ಸಾಲ್ವೆಂಟಿಗೆ ಸುಮಾರು 36, ಮೆಥನಾಲಿನದ್ದು 33. ಪೋಲಾರಿಟಿಯೇ ಕಾರಣವಾಗಿದ್ದರೆ ಅಸಿಟೋನೈಟ್ರೈಲಿನಲ್ಲಿ ನೇರಳೆ ಇನ್ನೂ ಜಾಸ್ತಿ ಬರಬೇಕಿತ್ತು. ಒಣಗಿಸಿದ ಅಸಿಟೋನೈಟ್ರೈಲಿನಲ್ಲಿ ಹಸಿರೇ ಮೇಲಾಗಿ ನಿಂತಿತು. ಅದು ಪೋಲಾರ್ ಹೌದು, ಆದರೆ ಹೈಡ್ರೋಜನ್ ಬಂಧ ಕಟ್ಟುವುದರಲ್ಲಿ ಬಲ ಕಡಿಮೆ. ಅಣುವಿನ ಒಳಗಿನ ಬಂಧವನ್ನು ಬಿಡಿಸಲು ಅದರ ಕೈಲಿ ಆಗುವುದಿಲ್ಲ. ಡಿಎಂಎಸ್‌ಒ ಎಂಬ ಇನ್ನೊಂದು ಸಾಲ್ವೆಂಟನ್ನೂ ಹಾಕಿ ನೋಡಿದೆವು. ಮೆಥನಾಲಿನ ಹಾಗೆ ಅದಕ್ಕೆ ತನ್ನದೇ ಓಎಚ್ ಇಲ್ಲ. ಆದರೂ ಅದರ ಆಕ್ಸಿಜನ್ ಎದುರಿನ ಹೈಡ್ರೋಜನ್ನನ್ನು ಗಟ್ಟಿಯಾಗಿ ಎಳೆದುಕೊಳ್ಳುತ್ತದೆ, ಹಾಗಾಗಿ ಅಲ್ಲಿ ಮತ್ತೆ ನೇರಳೆ ಎದ್ದು ಕಂಡಿತು.

ಫೆಬ್ರವರಿಯಲ್ಲಿ, ಕಾಫಿ ಕಣದಲ್ಲಿ ಒಣಗುವ ಹೊತ್ತಿಗೆ, ಸೀವ್ ಹಾಕದ ಸೈಕ್ಲೋಹೆಕ್ಸೇನಿನಲ್ಲೇ ಇನ್ನೊಮ್ಮೆ ಅಳೆದೆವು. ಗುಡ್ಡ ಇತ್ತು, ಜುಲೈಯಷ್ಟು ಎತ್ತರವಿರಲಿಲ್ಲ. ಈಗ ನಮ್ಮ ಲ್ಯಾಬ್ ಪುಸ್ತಕದಲ್ಲಿ ಒಂದೊಂದು ಅಳತೆಯ ಪಕ್ಕದಲ್ಲೂ ಆ ದಿನದ ಗಾಳಿಯ ತೇವಾಂಶ ಬರೆದಿಡುತ್ತೇವೆ.